ಒಳಗಿನ ಅಣೆಕಟ್ಟೆಗೊಂದು ಗೇಟು

ಹೋದ ತಿಂಗಳು ಕಸ ಗುಡಿಸುವಾಗ ತಮ್ಮನ ಹಾಸಿಗೆಯ ಕೆಳಗೆ ಹನ್ನೊಂದು ದಿನದ ಗುಳಿಗೆಗಳು ಸಿಕ್ಕವು. ಕೇಳಿದರೆ, "ನಾ ಆರಾಮ ಅದೀನಲ್ಲಕ್ಕ, ದಿನಾ ಯಾಕ ಆ ಸುಣ್ಣದ ನೀರು ಕುಡೀಬೇಕು?" ಎಂದ.

ಅವನಿಗೆ ಹದಿನಾಲ್ಕು ವರ್ಷ. ಥಲಸ್ಸೇಮಿಯಾ ಮೇಜರ್ ಇದೆ. ಮೂರು ವಾರಕ್ಕೊಮ್ಮೆ ಮೂಡಲಗಿಯಿಂದ ಗೋಕಾಕ ದಾಟಿ ಬೆಳಗಾವಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರುತ್ತಾನೆ.

ಬೈಯಲಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವನ್ನು ನೆನಪಿಸಿದೆ. ಘಟಪ್ರಭೆಯ ನೀರು ಬರುತ್ತಲೇ ಇದ್ದು, ಅಣೆಕಟ್ಟೆಗೆ ಗೇಟೇ ಇಲ್ಲದಿದ್ದರೆ? ಒಂದು ಯೂನಿಟ್ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ದೇಹದಿಂದ ದಿನಕ್ಕೆ ಹೊರಹೋಗುವುದು 1 ಮಿಲಿಗ್ರಾಂನಷ್ಟು ಮಾತ್ರ. ಉಳಿದದ್ದು ಯಕೃತ್ತು, ಹೃದಯ, ಹಾರ್ಮೋನ್ ಗ್ರಂಥಿಗಳಲ್ಲಿ ಸದ್ದಿಲ್ಲದೆ ಕೂಡುತ್ತ ಹೋಗುತ್ತದೆ. ವರ್ಷಗಟ್ಟಲೆ ನೋವು ಕಾಣದು, ಹಾಗಾಗಿ 'ಆರಾಮ' ಅನ್ನಿಸುತ್ತದೆ.

ಅವನ ಪಾಲಿನ ಗೇಟು ಡೆಫೆರಾಸಿರಾಕ್ಸ್ ಎಂಬ ಗುಳಿಗೆ. ಇಂಥವು ಕೀಲೇಷನ್ ಔಷಧಗಳು. ಏಡಿಯ ಕೊಂಡಿ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರಿದು. ಔಷಧದ ಎರಡು ಅಣುಗಳು ಸೇರಿ ಕಬ್ಬಿಣದ ಒಂದು ಪರಮಾಣುವನ್ನು ಕೊಂಡಿಯಂತೆ ಹಿಡಿಯುತ್ತವೆ.

ನೀರಿನಲ್ಲಿ ಕದಡಿ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕರುಳು ಅದನ್ನು ಹೀರಿಕೊಳ್ಳುತ್ತದೆ. ನಾಲ್ಕು ತಾಸಿನೊಳಗೆ ರಕ್ತದಲ್ಲಿ ಅದರ ಪ್ರಮಾಣ ಗರಿಷ್ಠವಾಗುತ್ತದೆ. ಅಲ್ಲಿ ಶೇ 99ರಷ್ಟು ಪ್ರೋಟೀನಿಗೆ ಅಂಟಿಕೊಂಡೇ ಸಾಗುತ್ತದೆ. ಕೊನೆಗೆ ಯಕೃತ್ತಿನಿಂದ ಪಿತ್ತರಸ ಸೇರಿ, ಬಹುಪಾಲು ಮಲದಲ್ಲಿ ಹೊರಬೀಳುತ್ತದೆ. ಮೂತ್ರದಲ್ಲಿ ಹೋಗುವುದು ಶೇ 8ರಷ್ಟು. 8ರಿಂದ 16 ತಾಸಿಗೆ ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಇಂದಿನ ಗುಳಿಗೆ ನಾಳೆಯ ಕೆಲಸಕ್ಕೆ ಸಾಲದು.

"ಮೊದಲಿನವರ ಪಾಡು ಗೊತ್ತೇನು?" ಎಂದೆ. ಹಳೆಯ ಔಷಧ ಡೆಫೆರಾಕ್ಸಮಿನ್ ನುಂಗಿದರೆ ಮೈಗೆ ಹತ್ತದು. ರಕ್ತಕ್ಕೆ ಕೊಟ್ಟರೂ ಅರ್ಧ ತಾಸಿನಲ್ಲಿ ಅರ್ಧ ಖಾಲಿ. ಅದಕ್ಕೇ ಹೊಟ್ಟೆಯ ಚರ್ಮಕ್ಕೆ ಸೂಜಿ ಚುಚ್ಚಿ, ಪುಟ್ಟ ಪಂಪ್ ಕಟ್ಟಿಕೊಂಡು ರಾತ್ರಿ 8ರಿಂದ 12 ತಾಸು ಮಲಗಬೇಕಿತ್ತು. ಅದೂ ವಾರಕ್ಕೆ ಐದಾರು ರಾತ್ರಿ. ತಮ್ಮ ಸುಮ್ಮನಾದ.

ಹನ್ನೊಂದು ದಿನದ ಲೆಕ್ಕವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿದೆವು. ಈ ಔಷಧ ಮೂತ್ರಪಿಂಡ, ಯಕೃತ್ತಿಗೆ ಹೊರೆಯಾಗಬಹುದು. ಆದ್ದರಿಂದ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ, ಪ್ರಮಾಣವನ್ನು ನಾವೇ ಹೆಚ್ಚುಕಡಿಮೆ ಮಾಡುವಂತಿಲ್ಲ.

ಈಗ ಮುಂಜಾನೆ ಲೋಟ ಹಿಡಿದು ಅವನೇ ಬರುತ್ತಾನೆ. ಕುಡಿದು, ಮುಖ ಕಿವುಚಿ, ಗಡಿಯಾರ ನೋಡುತ್ತಾನೆ. ಗೋಕಾಕದ ಕರದಂಟು ಕೈಗೆ ಸಿಗುವುದು ಅರ್ಧ ತಾಸಿನ ಮೇಲೆ.