ಹಾಡಿದ ಗಣಕಯಂತ್ರ

ಗಣಕಯಂತ್ರವೆಂದರೆ ದೊಡ್ಡ ಸಂಸ್ಥೆಗಳ ಸೊತ್ತೆಂದು ಜನರು ತಿಳಿದಿದ್ದ ಕಾಲವೊಂದಿತ್ತು. ಅದನ್ನು ಮನೆಯ ಮೇಜಿನ ಮೇಲಕ್ಕೆ ತಂದವರಲ್ಲಿ ಹವ್ಯಾಸಿಗಳ ಪಾತ್ರ ಹಿರಿದು.

1975ರಲ್ಲಿ ಅಮೆರಿಕದಲ್ಲಿ 'ಆಲ್ಟೇರ್ 8800' ಎಂಬ ಯಂತ್ರವು ಮಾರಾಟಕ್ಕೆ ಬಂದಿತು. ಹಲವರು ಬಿಡಿಭಾಗಗಳನ್ನು ತರಿಸಿಕೊಂಡು, ತಾವೇ ಬೆಸುಗೆ ಹಾಕಿ ಅದನ್ನು ಜೋಡಿಸಿಕೊಂಡರು. ಅದಕ್ಕೆ ಕೀಲಿಮಣೆಯಿರಲಿಲ್ಲ, ತೆರೆಯಿರಲಿಲ್ಲ, ಧ್ವನಿವರ್ಧಕವೂ ಇರಲಿಲ್ಲ. ಇದ್ದುದು ಸಾಲು ಸ್ವಿಚ್ಚುಗಳು ಮತ್ತು ಪುಟ್ಟ ದೀಪಗಳು ಮಾತ್ರ.

ಅದೇ ವರ್ಷ ಮಾರ್ಚ್ 5ರಂದು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನ ಒಂದು ಕಾರುಶೆಡ್ಡಿನಲ್ಲಿ ಇಂತಹ ಆಸಕ್ತರು ಕಲೆತರು. 'ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್' ಹುಟ್ಟಿದ್ದು ಹೀಗೆ. ಏಪ್ರಿಲಿನ ಕೂಟಕ್ಕೆ ಸ್ಟೀವ್ ಡೊಂಪಿಯರ್ ಎಂಬಾತನು ತನ್ನ ಆಲ್ಟೇರನ್ನು ತಂದನು. ಸ್ವಿಚ್ಚುಗಳನ್ನು ಒಂದೊಂದಾಗಿ ಸರಿಸಿ ಆದೇಶಗಳನ್ನು ಊಡಿಸಿದನು. ಅಷ್ಟರಲ್ಲಿ ಯಾರದೋ ಕಾಲು ತಂತಿಗೆ ತೊಡರಿ ವಿದ್ಯುತ್ತು ಕಡಿಯಿತು. ಯಂತ್ರದ ನೆನಪೆಲ್ಲ ಅಳಿಯಿತು. ಆತನು ಮತ್ತೆ ಮೊದಲಿನಿಂದ ತೊಡಗಿದನು. ಕೊನೆಗೆ, ಪಕ್ಕದಲ್ಲಿದ್ದ ಸಣ್ಣ ರೇಡಿಯೋದಿಂದ ಬೀಟಲ್ಸ್ ತಂಡದ ಹಾಡೊಂದರ ಧಾಟಿ ಕೇಳಿಬಂದಿತು! ನೆರೆದವರು ಎದ್ದುನಿಂತು ಚಪ್ಪಾಳೆ ತಟ್ಟಿದರು.

ಇದು ಹೇಗೆ ಸಾಧ್ಯವಾಯಿತು? ಗಣಕದೊಳಗಿನ ವಿದ್ಯುತ್ ಸ್ಪಂದನಗಳು ಕ್ಷೀಣವಾದ ರೇಡಿಯೋ ಅಲೆಗಳನ್ನು ಹೊಮ್ಮಿಸುತ್ತವೆ. ಹತ್ತಿರದ ರೇಡಿಯೋದಲ್ಲಿ ಅವು ಗೊರಗೊರ ಸದ್ದಾಗುತ್ತವೆ. ಒಂದೇ ಆದೇಶಸರಣಿಯನ್ನು ಯಂತ್ರವು ಮರಳಿ ಮರಳಿ ನಡೆಸಿದಾಗ ಆ ಸದ್ದು ಸ್ವರವಾಗುತ್ತದೆ. ಆವರ್ತನೆ ಬೇಗವಾದರೆ ಸ್ವರವು ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ಈ ಆವರ್ತನೆಗಳನ್ನೇ ಡೊಂಪಿಯರ್ ಹಾಡಾಗಿ ಪೋಣಿಸಿದ್ದನು.

ಇದೇ ಕೂಟದ ಸದಸ್ಯನಾದ ಸ್ಟೀವ್ ವೋಜ್ನಿಯಾಕನು ಆಪಲ್ ಸಂಸ್ಥೆಯ ಮೊದಲ ಗಣಕವನ್ನು ರೂಪಿಸಿದನು. 2001ರಲ್ಲಿ ಆ ಸಂಸ್ಥೆಯು ಸಾವಿರ ಹಾಡುಗಳನ್ನು ಜೇಬಿನಲ್ಲಿಡಬಲ್ಲ 'ಐಪಾಡ್' ಎಂಬ ಸಾಧನವನ್ನು ಹೊರತಂದಿತು. ಇಂದು ಅಂಗೈಯಲ್ಲಿ ಸಂಗೀತವನ್ನು ಕೇಳುವವರು, ಪರರು ತೊಡಕೆಂದು ಕಡೆಗಣಿಸಿದ ಗದ್ದಲದಲ್ಲಿ ಹಾಡನ್ನು ಕಂಡುಕೊಂಡ ಆ ಕುತೂಹಲವನ್ನೊಮ್ಮೆ ನೆನೆಯುವುದು ಉಚಿತ.