ತೂಕ ಸಿಕ್ಕಿತು, ಅಣು ಸಿಕ್ಕಿತೇ?

ಕೋಳಿಮೊಟ್ಟೆಯ ಹಳದಿಯಿಂದ ಲಿಪಿಡ್ ತೆಗೆದು ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಉಣಿಸಿದರೆ ಪರದೆಯ ಮೇಲೆ 760.6ರ ಹತ್ತಿರ ಒಂದು ಎತ್ತರದ ಗೆರೆ ಏಳುತ್ತದೆ. ಚಾಕಲೇಟಿನ ಹೊದಿಕೆ ಮೇಲೆ ಸಣ್ಣಕ್ಷರದಲ್ಲಿ ‘ಲೆಸಿಥಿನ್’ ಎಂದಿರುತ್ತದಲ್ಲ, ಅದೇ ಬಳಗದ ಫಾಸ್ಫಟೈಡಿಲ್‌ಕೋಲಿನ್ ಇದು. ಲೆಸಿಥಿನ್ ಎಂಬ ಹೆಸರು ಹುಟ್ಟಿದ್ದೇ ಮೊಟ್ಟೆಯ ಹಳದಿಗಿರುವ ಗ್ರೀಕ್ ಪದದಿಂದ. ಈ ಅಣುವಿಗೆ ಒಂದು ತಲೆ, ಎರಡು ಬಾಲ. ಬಾಲಗಳೆಂದರೆ ಕೊಬ್ಬಿನ ಆಮ್ಲಗಳು.

ತಪ್ಪು ಕಲ್ಪನೆ: ತೂಕ ಕರಾರುವಾಕ್ಕಾಗಿ ಸಿಕ್ಕರೆ ಅಣು ಯಾವುದೆಂದು ಗೊತ್ತಾದಂತೆಯೇ.

ಸತ್ಯ: ಬಾಲಗಳೆರಡರಲ್ಲಿ ಒಟ್ಟು 34 ಕಾರ್ಬನ್, ಒಂದು ದ್ವಿಬಂಧ. ತೂಕ ಹೇಳುವುದು ಇಷ್ಟೇ. ಅದು 16 ಮತ್ತು 18 ಇರಬಹುದು, 14 ಮತ್ತು 20 ಇರಬಹುದು. ದ್ವಿಬಂಧ ಯಾವ ಬಾಲದ್ದು ಎನ್ನುವುದೂ ತಿಳಿಯದು. 760.6ರ ಗೆರೆ ಈ ಅಣು ಒಂದು ಪ್ರೋಟಾನ್ ಅಂಟಿಸಿಕೊಂಡು ಬಂದಾಗಿನದು. ಪ್ರೋಟಾನಿನ ಬದಲು ಸೋಡಿಯಂ ಅಂಟಿಸಿಕೊಂಡು ಬಂದರೆ ಗೆರೆ 782.567ಕ್ಕೆ ಜರುಗುತ್ತದೆ. 36 ಕಾರ್ಬನ್, ನಾಲ್ಕು ದ್ವಿಬಂಧಗಳಿರುವ ಬೇರೊಂದು ಅಣು ಪ್ರೋಟಾನ್ ಹೊತ್ತು ಬರುವುದು 782.569ಕ್ಕೆ. ಮೂರನೆಯ ದಶಾಂಶದಲ್ಲಿ ಎರಡರ ವ್ಯತ್ಯಾಸ! ಸೋಡಿಯಂ ಎಲ್ಲಿಂದ ಬಂತೆಂದು ಕೇಳಬೇಡಿ. ಗಾಜಿನ ಸೀಸೆಯಿಂದ, ದ್ರಾವಕದಿಂದ, ಮೊಟ್ಟೆಯದೇ ಉಪ್ಪಿನಂಶದಿಂದ, ಎಲ್ಲಿಂದ ಬೇಕಾದರೂ ಬರುತ್ತದೆ.

ತಪ್ಪು ಕಲ್ಪನೆ: ಒಡೆದು ನೋಡಲೆಂದು ಅನಿಲಕ್ಕೆ ಡಿಕ್ಕಿ ಹೊಡೆಸಿದರೆ ಅಣು ಕೈಜಾರಿದ ಗಾಜಿನ ಲೋಟದಂತೆ ಹೇಗೆ ಹೇಗೋ ಒಡೆಯುತ್ತದೆ.

ಸತ್ಯ: ಅದು ಒಡೆಯುವುದು ಗೊತ್ತಾದ ಗೆಣ್ಣಿನಲ್ಲಿ. 760.6ರ ಅಯಾನನ್ನಷ್ಟೇ ಆರಿಸಿ, ನೈಟ್ರೋಜನ್ ಇಲ್ಲವೇ ಆರ್ಗಾನ್ ಅನಿಲಕ್ಕೆ ಗುದ್ದಿಸಿದರೆ ಮೆರೆಯುವುದು 184.07ರ ಒಂದೇ ಗೆರೆ. ಅದು ತಲೆ, ಫಾಸ್ಫೋಕೋಲಿನ್. ಪ್ರೋಟಾನ್ ತಲೆಯ ಜೊತೆಗೇ ಹೊರಟುಬಿಡುವುದರಿಂದ ಬಾಲಗಳ ಸುದ್ದಿ ಸಿಕ್ಕುವುದೇ ಅಪರೂಪ. ಸೋಡಿಯಂ ಹೊತ್ತ ಅಣುವಿನ ನಡತೆ ಬೇರೆ. ಅದು ಮೊದಲು 59 ತೂಕದ ಟ್ರೈಮೀಥೈಲ್‌ಅಮೀನ್ ಕಳಚಿಕೊಳ್ಳುತ್ತದೆ. ಮೇಲಿನ 782ರ ಗೊಂದಲ ಬಗೆಹರಿಯುವುದು ಇದರಿಂದಲೇ.

ಬಾಲಗಳು ಬೇಕಿದ್ದರೆ ಉಪಕರಣವನ್ನು ಋಣ ಅಯಾನುಗಳ ಕಡೆಗೆ ತಿರುಗಿಸಬೇಕು. ಅಲ್ಲಿ ಅಣು ಅಸಿಟೇಟ್ ಅಂಟಿಸಿಕೊಂಡು 818.6ರಲ್ಲಿ ಕಾಣುತ್ತದೆ. ಅದನ್ನು ಒಡೆದಾಗ 255.23 ಮತ್ತು 281.25 ಎಂಬ ಎರಡು ಗೆರೆಗಳು. ಮೊದಲನೆಯದು ಪಾಲ್ಮಿಟಿಕ್ ಆಮ್ಲ, 16 ಕಾರ್ಬನ್. ಎರಡನೆಯದು 18 ಕಾರ್ಬನ್, ಒಂದು ದ್ವಿಬಂಧ. ಓಲಿಕ್ ಆಮ್ಲ ಅನ್ನೋಣ, ಸದ್ಯಕ್ಕೆ.

ಸದ್ಯಕ್ಕೆ ಅಂದದ್ದು ಬೇಕೆಂದೇ. ಇನ್ನೂ ಜೋರಾಗಿ ಗುದ್ದಿದರೆ ದ್ವಿಬಂಧದ ಜಾಗವೂ ಬಯಲಾಗುತ್ತದೆಂದು ಓದಿಕೊಂಡವರೂ ನಂಬಿರುತ್ತಾರೆ. ಸಾಮಾನ್ಯ ಪ್ರಯೋಗಾಲಯದ ಡಿಕ್ಕಿಗೆ ಆ ಬಂಧ ಜಗ್ಗುವುದಿಲ್ಲ. ಆಲಿವ್ ಎಣ್ಣೆಯ ಓಲಿಕ್, ತುಪ್ಪದಲ್ಲಿರುವ ವ್ಯಾಕ್ಸೆನಿಕ್, ವನಸ್ಪತಿಯ ಎಲೈಡಿಕ್ ಮೂರೂ ಅದೇ 281.25ರಲ್ಲಿ ಬಂದು ನಿಲ್ಲುತ್ತವೆ. ಇಲ್ಲಿ ಬಲಕ್ಕಿಂತ ಬುದ್ಧಿ ಮೇಲು. ಆಸ್ಟ್ರೇಲಿಯಾದ ವುಲೊಂಗಾಂಗ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಬ್ಲಾಂಕ್ಸ್‌ಬಿ ತಂಡದವರು ಉಪಕರಣದೊಳಕ್ಕೆ ಓಝೋನ್ ಬಿಟ್ಟರು. 2008ರಲ್ಲಿ ಆ ವಿಧಾನ ಪ್ರಕಟವಾಯಿತು. ಓಝೋನ್ ದ್ವಿಬಂಧವನ್ನೇ ಹುಡುಕಿ ಕತ್ತರಿಸುತ್ತದೆ. ಬಾಲದ ತುದಿಯಿಂದ ಒಂಬತ್ತನೆಯ ಕಾರ್ಬನ್ನಿನಲ್ಲಿ ದ್ವಿಬಂಧವಿದ್ದರೆ ತೂಕ 110 ಇಳಿಯುತ್ತದೆ, ಏಳನೆಯದರಲ್ಲಿದ್ದರೆ 82. ಓಲಿಕ್ ಮತ್ತು ವ್ಯಾಕ್ಸೆನಿಕ್ ಹೀಗೆ ಬೇರೆಯಾದವು. ಓಲಿಕ್ ಮತ್ತು ಎಲೈಡಿಕ್‌ಗಳಲ್ಲಿ ದ್ವಿಬಂಧದ ಜಾಗ ಒಂದೇ. ಬಾಗುವ ರೀತಿಯಷ್ಟೇ ಬೇರೆ. ಅವನ್ನು ಬಿಡಿಸಲು ಸಾಮಾನ್ಯವಾಗಿ ಗ್ಯಾಸ್ ಕ್ರೊಮ್ಯಾಟೋಗ್ರಫಿಯ ಮೊರೆ ಹೋಗುತ್ತಾರೆ.

ತಪ್ಪು ಕಲ್ಪನೆ: ಸಾಫ್ಟ್‌ವೇರ್ ಕೊಟ್ಟ ಹೆಸರೇ ಅಂತಿಮ.

ಸತ್ಯ: ಹೆಸರು ಬರೆಯುವುದಕ್ಕೂ ಒಂದು ಶಿಸ್ತಿದೆ. ಒಟ್ಟು ಲೆಕ್ಕ ಮಾತ್ರ ಗೊತ್ತಿದ್ದರೆ 34:1. ಬಾಲಗಳು ಕಂಡಿದ್ದರೆ ನಡುವೆ ಅಡಿಗೆರೆ ಹಾಕಿ 16:0_18:1. ಯಾವ ಬಾಲ, ತಲೆ-ಬಾಲಗಳನ್ನು ಹಿಡಿದಿಟ್ಟಿರುವ ಗ್ಲಿಸರಾಲಿನ ಯಾವ ಕಾರ್ಬನ್ನಿಗೆ ಜೋಡಿಕೊಂಡಿದೆ ಎನ್ನುವುದೂ ಖಚಿತವಾದರೆ ಮಾತ್ರ ಓರೆಗೆರೆ, 16:0/18:1. ನಡುವಿನ ಕಾರ್ಬನ್ನಿನ ಬಾಲವೇ ಸಾಮಾನ್ಯವಾಗಿ ಹೆಚ್ಚು ಎತ್ತರದ ಗೆರೆ ಕೊಡುವುದು ನಿಜ. ಆದರೆ ಬಾಲಗಳು ಅದಲುಬದಲಾದ ಎರಡು ಬಗೆಯ ಅಣುಗಳೂ ಬೆರೆತಿದ್ದರೆ ಆ ಎತ್ತರದಿಂದಷ್ಟೇ ತೀರ್ಪು ಕೊಡಲಾಗದು. ಹಾಗಾಗಿ ವರದಿಯಲ್ಲಿ ಓರೆಗೆರೆ ಕಂಡ ಕೂಡಲೇ ನನ್ನ ಕಣ್ಣು ಚಿತ್ರದಲ್ಲಿ 255, 281 ಎಲ್ಲಿವೆಯೆಂದು ಹುಡುಕುತ್ತದೆ. ಅಲ್ಲಿ ಬರೀ 184 ನಿಂತಿದ್ದರೆ ಪೆನ್ಸಿಲಿನಿಂದ 34:1 ಎಂದು ತಿದ್ದಿಕೊಂಡು ಮುಂದೆ ಓದುತ್ತೇನೆ.