ಕಾಳಗ ಬರೆಯಬೇಕೆ? ಬೇಗೂರಿನ ಕಲ್ಲು ನೋಡಿ

ಶಾಲಾ ವಾರ್ಷಿಕೋತ್ಸವದ ವೇದಿಕೆ. ಹಿಂದೆ ರಟ್ಟಿನ ಕೋಟೆ, ಮುಂದೆ ಒನಕೆ ಹಿಡಿದ ಎಂಟನೇ ತರಗತಿಯ ಹುಡುಗಿ. ಹೈದರನ ಸೈನಿಕರು ಒಬ್ಬೊಬ್ಬರಾಗಿ ತಲೆ ತೂರಿಸುತ್ತಾರೆ, ಪೆಟ್ಟು ತಿಂದು ಉರುಳುತ್ತಾರೆ. ಸತ್ತವನೊಬ್ಬ ಮೆಲ್ಲಗೆ ಎದ್ದು ಜಾರಿದ ಮೀಸೆ ಸರಿಮಾಡಿಕೊಂಡು ಮತ್ತೆ ಸಾಯುತ್ತಾನೆ. ಪಾಲಕರು ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಆದರೂ ನೋಡಿ, ಆ ಕತೆಯನ್ನು ಯಾರೂ ಅನುಮಾನಿಸುವುದಿಲ್ಲ. ಒಬ್ಬ ಹೆಂಗಸು ಅಷ್ಟು ಜನ ಸೈನಿಕರನ್ನು ಕೊಂದಳೆಂದರೆ ನಂಬುವುದು ಹೇಗೆ ಎಂದು ಯಾವ ಮಗುವೂ ಕೇಳುವುದಿಲ್ಲ.

ಕೇಳದಿರಲು ಕಾರಣ ಕಿಂಡಿ. ಒಂದು ಸಲಕ್ಕೆ ಒಬ್ಬನೇ, ಅದೂ ಬಗ್ಗಿ ತೆವಳಿಕೊಂಡು, ತಲೆ ಮುಂದೆ ಮಾಡಿ ಬರಬೇಕಾದ ಕಿಂಡಿ. ಕತ್ತಿ ಬೀಸಲು ಅವನಿಗೆ ಜಾಗವಿಲ್ಲ. ಒನಕೆ ಎತ್ತಲು ಓಬವ್ವನಿಗಿದೆ. ಹಿಂದಿನವನಿಗೆ ಮುಂದಿನವನ ಗತಿ ಏನಾಯಿತೆಂದು ಕಾಣಿಸುವುದಿಲ್ಲ. ಚಿತ್ರದುರ್ಗದ ಬಂಡೆಯೇ ಕತೆಯ ಅರ್ಧ ಕೆಲಸವನ್ನು ಮಾಡಿಕೊಟ್ಟಿದೆ. ತ.ರಾ.ಸು. ಅವರ ದುರ್ಗದ ಕಾದಂಬರಿಗಳನ್ನು ಓದಿದವರಿಗೆ ಇದು ಗೊತ್ತು. 1982ರಲ್ಲಿ ಬಂದ ‘ದುರ್ಗಾಸ್ತಮಾನ’ದ ಮುತ್ತಿಗೆಯನ್ನು ಓದುವಾಗ ಬಾಗಿಲು ಯಾವುದು, ಹೊಂಡ ಯಾವುದು, ಏರು ಯಾವ ಕಡೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಊರು ಬಲ್ಲವರು ಬರೆದ ಯುದ್ಧ ಅದು.

ರಜೆಯಲ್ಲಿ ನೋಟ್‌ಬುಕ್ ತುಂಬ ಐತಿಹಾಸಿಕ ಕತೆ ಗೀಚುವ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ‘ಬರೀ ಹೊಡೆದಾಟ ಬರೀತಾನೆ, ಏನು ಮಾಡೋದು’ ಎಂದು ಪೇಚಾಡುವ ತಾಯಂದಿರೂ ಇದ್ದಾರೆ. ಅವರ ಆತಂಕ ಪೂರ್ತಿ ಸುಳ್ಳಲ್ಲ. ಆ ನೋಟ್‌ಬುಕ್‌ಗಳಲ್ಲಿ ಸಾಮಾನ್ಯವಾಗಿ ರಕ್ತದ ಹೊಳೆ ಹರಿಯುತ್ತದೆ, ನಾಯಕ ಒಂದೇ ಏಟಿಗೆ ಹತ್ತು ತಲೆ ಉರುಳಿಸುತ್ತಾನೆ, ಯಾರಿಗೂ ಹಸಿವಾಗುವುದಿಲ್ಲ, ಯಾರ ಮನೆಯಲ್ಲೂ ಯಾರೂ ಅಳುವುದಿಲ್ಲ. ಹಾಗೆಂದು ಬರೆಯುವುದನ್ನೇ ನಿಲ್ಲಿಸಿದರೆ ನಷ್ಟ. ಅದರ ಬದಲು ಹುಡುಗನನ್ನು ಒಂದು ಭಾನುವಾರ ಬೇಗೂರಿಗೆ ಕರೆದುಕೊಂಡು ಹೋಗಬಹುದು.

ಹೊಸೂರು ರಸ್ತೆಯ ಬೊಮ್ಮನಹಳ್ಳಿಯಿಂದ ಒಳಕ್ಕೆ ತಿರುಗಿದರೆ ಬೇಗೂರು. ಜಯನಗರ, ಬಿ.ಟಿ.ಎಂ. ಬಡಾವಣೆಗಳಿಂದ ದೂರವೇನಲ್ಲ. ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಉಸಿರಾಡುತ್ತಿರುವ ಕೆರೆ, ಪಕ್ಕದಲ್ಲಿ ಗಂಗರ ಕಾಲದ ನಾಗೇಶ್ವರ ದೇವಾಲಯ. ಅಲ್ಲಿನ ಒಂದು ಶಾಸನ ಕೆಲವೇ ಸಾಲಿನದು, ಸುಮಾರು 890ರದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿಯೂ ಆ ಮನೆಗೆ ಸೇರಿದ ಪೆರ್ವೊಣಸೆಟ್ಟಿಯೂ ಸತ್ತರು ಎಂಬುದು ಅದರ ಸಾರ. ವೀರಬಲ್ಲಾಳ ಬೆಂದ ಕಾಳು ತಿಂದದ್ದರಿಂದ ಬೆಂದಕಾಳೂರು ಆಯಿತೆಂಬ ಕತೆಗಿಂತ ಈ ಕಲ್ಲು ಸುಮಾರು ಮುನ್ನೂರು ವರ್ಷ ಹಳೆಯದು. ಇಂದು ಕೋಟಿ ದಾಟಿದ ಜನರಿರುವ ಊರಿನ ಹೆಸರು ಕಲ್ಲಿನ ಮೇಲೆ ಮೊದಲು ಕಾಣಿಸಿಕೊಂಡದ್ದು ಇಬ್ಬರ ಸಾವಿನ ಸುದ್ದಿಯಲ್ಲಿ.

ಯಾರು ಯಾರ ಮೇಲೆ ಏರಿಬಂದರು, ಯಾರು ಗೆದ್ದರು, ಕಲ್ಲು ಹೇಳುವುದಿಲ್ಲ. ಸತ್ತವರ ಹೆಸರು, ಸತ್ತ ಜಾಗ, ಅಷ್ಟೇ.

ನಾಗತ್ತರನೇ ಮಡಿದ ಕತೆ ಇನ್ನೊಂದು ಕಲ್ಲಿನದು. ಪ್ರಸಿದ್ಧವಾದ ಬೇಗೂರು ವೀರಗಲ್ಲು ಅದೇ. ಅದನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಎಷ್ಟೋ ದಶಕಗಳಾದವು. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಅದರ ಪಾಠ ಸಿಗುತ್ತದೆ. ಗಂಗರ ಎರೆಯಪ್ಪ ತೊಂಬತ್ತಾರು ಸಾವಿರದ ಗಂಗವಾಡಿಯನ್ನು ಆಳುತ್ತಿದ್ದಾಗ, ಬೀರಮಹೇಂದ್ರನ ಮೇಲೆ ಕಾದಲು ಅಯ್ಯಪದೇವನಿಗೆ ನೆರವಾಗಿ ನಾಗತ್ತರನನ್ನು ಸೇನೆಯೊಡನೆ ಕಳಿಸಿದ. ತುಂಬೆಪಾಡಿ ಎಂಬಲ್ಲಿ ಯುದ್ಧ. ಕಾಳಗ ಕೈಮೀರುತ್ತಿದ್ದಂತೆ ನಾಗತ್ತರ ಆನೆಗೇ ಎದುರಾಗಿ ನಿಂತು ಸತ್ತ. ಬೀರಮಹೇಂದ್ರ ಯಾರೆಂಬುದರಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಅದು ಇರಲಿ.

ಕತೆ ಬರೆಯುವವರು ಗಮನಿಸಬೇಕಾದದ್ದು ಬೇರೆ. ಇಲ್ಲಿ ನಾಯಕ ಹೋರಾಡಿದ್ದು ತನ್ನ ಜಗಳಕ್ಕಲ್ಲ, ಒಡೆಯ ಕಳಿಸಿದ್ದಕ್ಕೆ. ಅದೂ ಮತ್ತೊಬ್ಬನ ಸಹಾಯಕ್ಕೆ. ಆನೆಗೆ ಎದುರು ನಿಂತದ್ದು ಗೆಲ್ಲುವ ಹೊತ್ತಿನಲ್ಲಲ್ಲ, ಸೋಲು ಕಣ್ಣಿಗೆ ಕಾಣುವಾಗ. ನೋಟ್‌ಬುಕ್ಕಿನ ನಾಯಕನಿಗೂ ಈ ನಾಗತ್ತರನಿಗೂ ಎಷ್ಟು ಅಂತರ! ಕಲ್ಲಿನ ಮೇಲೂ ಹಾಗೆಯೇ. ಆನೆ, ಕುದುರೆ, ಕಾಲಾಳುಗಳು ಒತ್ತೊತ್ತಾಗಿ ನುಗ್ಗಿದ್ದಾರೆ, ಬಿದ್ದವರು ಕಾಲಡಿಯಲ್ಲಿದ್ದಾರೆ. ಸಿನಿಮಾದಲ್ಲಿ ಇಬ್ಬರು ವೀರರ ಸುತ್ತ ಉಳಿದವರು ಜಾಗ ಬಿಟ್ಟು ನಿಲ್ಲುತ್ತಾರಲ್ಲ, ಅಂಥ ಸೌಜನ್ಯ ಈ ಕಲ್ಲಿನಲ್ಲಿಲ್ಲ.

ಹಸಿವು, ನೀರು, ಲೆಕ್ಕ

ಹಳೆಯ ಕಾಲದ ಕತ್ತಿ ಮಣಭಾರ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಬೀಸುವ ಕತ್ತಿ ಸಾಮಾನ್ಯವಾಗಿ ಒಂದು, ಒಂದೂವರೆ ಕಿಲೋ ಇರುತ್ತಿತ್ತು. ಹೆಚ್ಚಿದ್ದರೆ ಕೈ ಸೋಲುತ್ತದೆ. ಅಷ್ಟನ್ನೇ ಹಿಡಿದು ಬಿಸಿಲಲ್ಲಿ ಕಾಲು ಗಂಟೆ ಬೀಸಿದರೂ ಆಳು ಏದುಸಿರು ಬಿಡುತ್ತಾನೆ. ಆನೆಯೊಂದಕ್ಕೆ ದಿನಕ್ಕೆ 150 ಕಿಲೋದಷ್ಟು ಮೇವು, 100 ಲೀಟರಿಗೂ ಮೀರಿ ನೀರು ಬೇಕು. ಐವತ್ತು ಆನೆ ಹೊರಟರೆ ಅದು ದಾರಿಯುದ್ದಕ್ಕೂ ರೈತರ ಹೊಲದ ಗತಿ. ಕೆರೆಗಳ ನಾಡಾದ ಬೇಗೂರಿನ ಸೀಮೆಯಲ್ಲಿ ದಂಡು ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುತ್ತಿದ್ದದ್ದು ಸೇನಾಪತಿಯಷ್ಟೇ ಅಲ್ಲ, ಕೆರೆಯೂ.

ಇದಕ್ಕೆ ಬಲವಾದ ಸಾಕ್ಷಿ ರಾಯಚೂರಿನದು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಮೇಲೆ ನಡೆಸಿದ ದಂಡಯಾತ್ರೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟಿದ್ದಾನೆ. ರಾಬರ್ಟ್ ಸೀವೆಲ್ ತನ್ನ ವಿಜಯನಗರದ ಪುಸ್ತಕದಲ್ಲಿ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಕಾಲಾಳುಗಳೇ ಏಳು ಲಕ್ಷ ಮೀರಿದ್ದರೆಂಬ ನೂನಿಜ್‌ನ ಲೆಕ್ಕವನ್ನು ಎಚ್ಚರಿಕೆಯಿಂದಲೇ ನೋಡಬೇಕು. ದೊಡ್ಡ ಅಂಕಿ ಯಾವಾಗಲೂ ಬಾಯಿಂದ ಬಾಯಿಗೆ ಬೆಳೆಯುತ್ತದೆ. ಆದರೆ ಅವನು ಹೇಳುವ ಸಣ್ಣ ಸಂಗತಿಗಳು ಬಂಗಾರ. ಜನ ಬಾಯಾರಿ ಸಾಯದಿರಲೆಂದು ಹನ್ನೆರಡು ಸಾವಿರ ಮಂದಿ ತೊಗಲಿನ ಚೀಲಗಳಲ್ಲಿ ನೀರು ಹೊತ್ತು ದಾರಿಯುದ್ದಕ್ಕೂ ನಿಂತಿದ್ದರಂತೆ. ದಂಡಿನ ಜೊತೆ ಅಗಸರು, ವ್ಯಾಪಾರಿಗಳು, ಇಡೀ ಒಂದು ಸಂತೆಯೇ ನಡೆದಿತ್ತು. ರಾಯಚೂರಿನ ಗೋಡೆಯಿಂದ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರು. ಮೇಲಿಂದ ಕಲ್ಲು, ಗುಂಡು ಬೀಳುತ್ತಿರುವಾಗ ಹಾರೆ ಹಿಡಿದು ಗೋಡೆಯ ಬುಡಕ್ಕೆ ಹೋಗುವ ಕೂಲಿಯಾಳನ್ನು ಯೋಚಿಸಿ. ದೊಡ್ಡ ಕಲ್ಲಿಗೆ ಹೆಚ್ಚು ಕಾಸು, ಆದರೆ ಹೆಚ್ಚು ಹೊತ್ತು ಅಲ್ಲೇ ನಿಲ್ಲಬೇಕು. ಅವನ ಲೆಕ್ಕಾಚಾರದ ಒಂದು ಪುಟ, ಲಕ್ಷ ಸೈನಿಕರ ಆರ್ಭಟದ ಹತ್ತು ಪುಟಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಕಾಲದ ತಪ್ಪೂ ಓದುಗನನ್ನು ಎಬ್ಬಿಸಿಬಿಡುತ್ತದೆ. ನಾಗತ್ತರನ ಆಳು ರಾಗಿಮುದ್ದೆಗೆ ಹಸಿಮೆಣಸಿನಕಾಯಿ ನಂಜಿಕೊಳ್ಳುವಂತಿಲ್ಲ. ಮೆಣಸಿನಕಾಯಿ, ಕಡಲೆಕಾಯಿ, ಆಲೂಗಡ್ಡೆ, ಹೊಗೆಸೊಪ್ಪು ಎಲ್ಲವೂ ಅಮೆರಿಕದಿಂದ ಪೋರ್ಚುಗೀಸರ ಕಾಲದಲ್ಲಿ ಬಂದವು. ಅವನಿಗಿದ್ದ ಖಾರ ಕಾಳುಮೆಣಸಿನದು. ತುಂಬೆಪಾಡಿಯಲ್ಲಿ ಫಿರಂಗಿ ಸಿಡಿಸಿದರಂತೂ ಕತೆ ಅಲ್ಲಿಗೇ ಮುಗಿಯಿತು!

ಕಡಲ ಕಡೆಯಿಂದ

ಬೇಗೂರಿಗೆ ಸಮುದ್ರವಿಲ್ಲ. ಆದರೆ ಕರಾವಳಿಯ ಕೊಳ್ಳೆಯನ್ನು ಬರೆಯಲು ಹೊರಟವರೂ ಇದೇ ಪಾಠದಿಂದ ಶುರುಮಾಡಬಹುದು. ಜಾಗ, ಹೊತ್ತು, ಹೊಟ್ಟೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರಕ್ಕೆ ಯಾರೂ ಇಳಿಯುತ್ತಿರಲಿಲ್ಲ. ರಾತ್ರಿ ನೆಲದಿಂದ ಕಡಲಿಗೆ, ಹಗಲು ಕಡಲಿಂದ ನೆಲಕ್ಕೆ ಬೀಸುವ ಗಾಳಿಯನ್ನು ಹಾಯಿಯವರು ಲೆಕ್ಕ ಹಾಕಬೇಕು. ನಮ್ಮ ನದಿಗಳ ಬಾಯಲ್ಲಿ ಮರಳದಿಣ್ಣೆ. ದೊಡ್ಡ ಹಡಗು ಹೊರಗೇ ನಿಲ್ಲಬೇಕು, ಸಣ್ಣ ದೋಣಿ ಉಬ್ಬರ ನೋಡಿ ಒಳಗೆ ನುಗ್ಗಬೇಕು, ಇಳಿತಕ್ಕೆ ಮುಂಚೆ ಹೊರಬರಬೇಕು.

1665ರ ಫೆಬ್ರವರಿಯಲ್ಲಿ ಶಿವಾಜಿ ಬಸರೂರನ್ನು ಕೊಳ್ಳೆಹೊಡೆದ. ಮಾಲ್ವಣದಿಂದ ಹೊರಟದ್ದು 85 ಸಣ್ಣ ಹಡಗು, 3 ದೊಡ್ಡ ಹಡಗು. ಬಸರೂರು ಕಡಲಿನ ದಡದಲ್ಲಿಲ್ಲ, ಕುಂದಾಪುರದ ಒಳಗೆ ಹೊಳೆಯ ಮೇಲಿದೆ. ಸಣ್ಣವೇ ಯಾಕೆ ಅಷ್ಟಿದ್ದವು ಎಂಬುದಕ್ಕೆ ಊರಿನ ನಕ್ಷೆಯೂ ಒಂದು ಉತ್ತರ. ಮುಂದೆ ಗೋಕರ್ಣದಲ್ಲಿ ಸ್ನಾನ ಮುಗಿಸಿ, ಸೇನೆಯೊಡನೆ ಕಾಲ್ನಡಿಗೆಯಲ್ಲಿ ಅಂಕೋಲೆಗೆ ನಡೆದ. ಹಡಗುಗಳನ್ನು ಮುಂದೆ ಕಳಿಸಿದರೂ ಹನ್ನೆರಡನ್ನು ಉಳಿಸಿಕೊಂಡ. ದಾರಿಯ ಹೊಳೆಗಳನ್ನು ದಾಟಿಸಲು! ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳನ್ನು ನೋಡಿದವರಿಗೆ ಈ ಒಂದು ವಿವರ ಸಾಕು. ಕಾರವಾರದ ಇಂಗ್ಲಿಷ್ ವರ್ತಕರು ತಮ್ಮ ಪಾಲಿಗೆ ಬಂದ 112 ಪೌಂಡ್ ತೆತ್ತು ಪಾರಾದರು. ಕೊಳ್ಳೆ ಎಂದರೆ ಬೆಂಕಿ, ಕಿರುಚಾಟ ಮಾತ್ರವಲ್ಲ, ಚೌಕಾಸಿಯೂ ಹೌದು.

ರಾಣಿಯರ ವಿಷಯದಲ್ಲೂ ಹಾಗೆ. ಉಳ್ಳಾಲದ ಅಬ್ಬಕ್ಕ ಎಂದರೆ ಜರತಾರಿ ಸೀರೆ, ಕೈಯಲ್ಲಿ ಉರಿಯುವ ಬಾಣ ಎಂಬ ಚಿತ್ರ ಮಕ್ಕಳ ಮನಸ್ಸಿನಲ್ಲಿದೆ. 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಬರೆದದ್ದು ಬೇರೆಯೇ. ಬರಿಗಾಲು, ಸಾದಾ ಬಟ್ಟೆ, ತಲೆಯ ಮೇಲೆ ಗರಿಯ ಕೊಡೆ. ಆಕೆ ಹೊರಟದ್ದು ಕಾಲುವೆ ಅಗೆಯುವ ಕೆಲಸ ನೋಡಲು. ಪೋರ್ಚುಗೀಸರನ್ನು ಮೊದಲು ಎದುರಿಸಿದ ಅಬ್ಬಕ್ಕನಿಗೆ ಇವಳು ಏನಾಗಬೇಕೆಂಬ ಚರ್ಚೆ ಇದೆ. ಆದರೆ ಬೆಳಗ್ಗೆ ಕಾಲುವೆಯ ಮಣ್ಣು ತುಳಿದ ರಾಣಿ ಸಂಜೆ ಕಡಲ ಕಡೆ ನೋಡಿ ಚಿಂತಿಸಿದರೆ, ಓದುಗ ಆ ಚಿಂತೆಯನ್ನು ನಂಬುತ್ತಾನೆ. ಹಡಗಿನ ಕಾಳಗ ಹೇಗಿರುತ್ತಿತ್ತೆಂದು ಕಣ್ಣಾರೆ ನೋಡಬೇಕೆನ್ನುವವರಿಗೆ ಗೋವಾ ಕದಂಬರ ಕಾಲದ ವೀರಗಲ್ಲುಗಳಿವೆ, ಮುಂಬಯಿಯ ಬೊರಿವಲಿ ಬಳಿಯ ಎಕ್ಸಾರ್‌ನಲ್ಲೂ ಇವೆ. ಸಾಲು ಹುಟ್ಟುಗಳ ಹಡಗುಗಳು ಅಲ್ಲಿ ಎದುರುಬದುರು ನಿಂತಿವೆ.

ಕಾಳಗ ಮುಗಿದ ಮೇಲೆ

ವೀರಗಲ್ಲುಗಳ ಮಾತುಗಳನ್ನೇ ಕೇಳಿ: ತುರುಗೊಳ್, ಊರಳಿವು, ಪೆಣ್ಬುಯ್ಯಲ್. ದನ ಹೊಡೆದುಕೊಂಡು ಹೋಗುವುದು, ಊರಿನ ಮೇಲೆ ಬೀಳುವುದು, ಹೆಂಗಸರ ಮೊರೆ. ಹೆಬ್ಬಾಳದ ಕಿತ್ತಯ್ಯ ಸುಮಾರು 750ರಲ್ಲಿ ಸತ್ತದ್ದು ಇಂಥ ಒಂದು ಊರಳಿವಿನಲ್ಲೇ. ಸಾಮ್ರಾಜ್ಯಗಳ ಯುದ್ಧಕ್ಕಿಂತ ದನಕ್ಕಾಗಿ, ನೆರೆಯವರಿಗಾಗಿ ಸತ್ತವರೇ ಹೆಚ್ಚು. ಎಂ. ಚಿದಾನಂದಮೂರ್ತಿ, ಆರ್. ಶೇಷಶಾಸ್ತ್ರಿ ಅವರ ಪುಸ್ತಕಗಳಲ್ಲಿ ಇಂಥವರ ದೊಡ್ಡ ಪಟ್ಟಿಯೇ ಸಿಗುತ್ತದೆ. ಮಕ್ಕಳಿಗೆ ಕಷ್ಟವೆನಿಸಿದರೆ ಪಾಲಕರು ಓದಿ ಹೇಳಬಹುದು.

ಆ ಸಾವಿಗೆ ಬೆಲೆಯನ್ನೂ ಕಟ್ಟಲಾಗುತ್ತಿತ್ತು. ಮಡಿದವನ ಮನೆಗೆ ಕೊಡುವ ಹೊಲಕ್ಕೆ ನೆತ್ತರುಗೊಡಗೆ ಎಂದು ಹೆಸರು. ಮನೆ ನಡೆಸಬೇಕಾದ ಹೆಂಡತಿ, ಹೊಲದ ಗಡಿ ಗುರುತಿಸುವ ಊರ ಗೌಡ, ಅಪ್ಪನ ರಕ್ತದ ಹೆಸರಿರುವ ನೆಲದಲ್ಲಿ ಉಳುವ ಮಗ... ನೋಟ್‌ಬುಕ್ಕಿನ ಕತೆ ಮುಗಿಯುವ ಜಾಗದಲ್ಲಿ ಇನ್ನೊಂದು ಕತೆ ಶುರುವಾಗುತ್ತದೆ. ‘ಬರೀ ಹೊಡೆದಾಟ’ ಎಂದು ಬೇಸರಪಡುವ ತಾಯಿ ಮಗನನ್ನು ಕೇಳಬೇಕಾದ ಪ್ರಶ್ನೆಯೂ ಇದೇ: ‘ಸತ್ತನಲ್ಲ, ಅವರ ಮನೇಲಿ ಆಮೇಲೆ ಏನಾಯ್ತೋ?’

ನಾಗತ್ತರನ ಕಲ್ಲಿನ ಕೊನೆಯ ಭಾಗ ಇಂಥದೇ. ಅವನು ಸತ್ತ ಸುದ್ದಿ ಕೇಳಿ ಎರೆಯಪ್ಪ, ನಾಗತ್ತರ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿದ. ಜೊತೆಗೆ ಬೆಂಪೂರು ಹನ್ನೆರಡು, ಅಂದರೆ ಬೇಗೂರೂ ಸುತ್ತಲಿನ ಊರುಗಳೂ ಅವನಿಗೆ ಬಂದವು. ಊರುಗಳ ಹೆಸರನ್ನು ಕಲ್ಲಿನ ಮೇಲೆ ಒಂದೊಂದಾಗಿ ಕೆತ್ತಿಸಿದ್ದಾರೆ. ಸತ್ತವನ ಹೆಸರನ್ನೇ ಹಣೆಗೆ ಕಟ್ಟಿಸಿಕೊಂಡ ಇರುಗ ಆ ದಿನ ಬೇಗೂರಿನ ಕೆರೆ ಏರಿಯ ಮೇಲೆ ನಡೆದು ಬರುವಾಗ ಊರವರು ಅವನನ್ನು ಹೇಗೆ ನೋಡಿದರು, ನಾಗತ್ತರನ ಮನೆಯ ಬಾಗಿಲು ತೆರೆದಿತ್ತೆ ಮುಚ್ಚಿತ್ತೆ, ಅದನ್ನು ಯಾರೂ ಕೆತ್ತಿಲ್ಲ. ಅಲ್ಲಿಂದ ಮುಂದೆ ನೋಟ್‌ಬುಕ್ ಹಿಡಿದು ಕೂತವರ ಕೆಲಸ.